ದಂಡುಪ್ರದೇಶದ ಒಪೇರಾ ಹೌಸ್: ಒಂದು ಚಿತ್ರಮಂದಿರದ ರೂಪಾಂತರ

ಬೆಂಗಳೂರಿನ ಚಲನಚಿತ್ರ ಪ್ರದರ್ಶನದ ಇತಿಹಾಸವನ್ನು ಸಾಮಾನ್ಯವಾಗಿ ಪೇಟೆಯಿಂದಲೇ ಆರಂಭಿಸಲಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡದ್ದು ಪೇಟೆಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ಆದುದರಿಂದ ಈ ಕ್ರಮ ಸಹಜವೂ ಹೌದು. ಆದರೆ 1809ರಲ್ಲಿ ನೆಲೆಗೊಂಡು, 1881ರಿಂದ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟಿದ್ದ ದಂಡುಪ್ರದೇಶದ ಚಿತ್ರಮಂದಿರಗಳ ಹುಟ್ಟು ಬೇರೆ ಬಗೆಯದು. ಅವುಗಳಲ್ಲಿ ಹಲವು ಸಿನಿಮಾಕ್ಕಾಗಿ ಕಟ್ಟಿದವಲ್ಲ.

ಶಿವಾಜಿನಗರದ ಎಲ್ಜಿನ್ ಟಾಕೀಸ್ 1896ರಲ್ಲಿ ನೃತ್ಯಶಾಲೆಯಾಗಿ ನಿರ್ಮಾಣವಾಯಿತೆಂಬ ಪ್ರತೀತಿಯಿದೆ. ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡದ್ದೂ ಅದೇ ವರ್ಷದ ಜುಲೈಯಲ್ಲಿ. ಬಿ.ಆರ್.ವಿ. ಚಿತ್ರಮಂದಿರದ ಹೆಸರು ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬ ಸ್ವಯಂಸೇವಕ ಪಡೆಯದು. ರೆಸಿಡೆನ್ಸಿ ರಸ್ತೆ ಮತ್ತು ಬ್ರಿಗೇಡ್ ರಸ್ತೆಗಳು ಕೂಡುವಲ್ಲಿರುವ ಒಪೇರಾ ಹೌಸ್ ಈ ಸಾಲಿಗೇ ಸೇರುತ್ತದೆ. ಹೆಸರೇ ಅದರ ಮೂಲವನ್ನು ಹೇಳುತ್ತದೆ. ಸೇನಾಧಿಕಾರಿಗಳಿಗೂ ಅವರ ಕುಟುಂಬಗಳಿಗೂ ನಾಟಕ, ಸಂಗೀತ, ನೃತ್ಯಗಳ ರಂಗವಾಗಿದ್ದ ಈ ಕಟ್ಟಡ ಕಾಲಕ್ರಮದಲ್ಲಿ ಚಿತ್ರಮಂದಿರವಾಯಿತು. ಈ ಬದಲಾವಣೆಯಲ್ಲಿ ಕಟ್ಟಡ ಕಳೆದುಕೊಂಡದ್ದು ಅಲ್ಪ. ನಟರ ಸ್ಥಾನಕ್ಕೆ ಬೆಳ್ಳಿಪರದೆ ಬಂದಿತಾದರೂ, ಟಿಕೆಟ್ ಪಡೆದ ಅಪರಿಚಿತರು ಒಂದೇ ಕತ್ತಲೆಯಲ್ಲಿ ಕುಳಿತು ಒಂದೇ ಕಥೆಗೆ ನಗುವ, ಮರುಗುವ ರೂಢಿ ಮುಂದುವರಿಯಿತು.

ಪ್ರದರ್ಶನ ನಿಂತ ಬಳಿಕ ಕಟ್ಟಡ ದೀರ್ಘಕಾಲ ನಿರುಪಯುಕ್ತವಾಗಿತ್ತು. ಅದೇ ಅವಧಿಯಲ್ಲಿ ಸುತ್ತಲಿನ ಚಿತ್ರಮಂದಿರಗಳೂ ಕಣ್ಮರೆಯಾಗತೊಡಗಿದವು. 1936ರಲ್ಲಿ ಆರಂಭವಾದ ಪ್ಲಾಜಾ 2005ರಲ್ಲಿ ಮುಚ್ಚಿತು; ಅದರ ನಿವೇಶನ ಮೆಟ್ರೊ ನಿಲ್ದಾಣದ ಪಾಲಾಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರ್ ಅಂತ್ಯದಲ್ಲಿ ಕೊನೆಯ ಪ್ರದರ್ಶನ ನೀಡಿತು. ಒಪೇರಾ ಹೌಸಿಗೆ ಮಾತ್ರ ಬೇರೊಂದು ದಾರಿ ತೆರೆಯಿತು. ಸ್ಯಾಮ್‌ಸಂಗ್ ಸಂಸ್ಥೆ ಕಟ್ಟಡವನ್ನು ದುರಸ್ತಿಗೊಳಿಸಿ, 2018ರ ಸೆಪ್ಟೆಂಬರಿನಲ್ಲಿ ಸುಮಾರು 33,000 ಚದರ ಅಡಿಗಳ ಅನುಭವ ಕೇಂದ್ರವಾಗಿ ತೆರೆಯಿತು. ಹೊರಗಿನ ಮುಖಭಾಗ ಉಳಿಯಿತು, ಹೆಸರೂ ಉಳಿಯಿತು; ಆಸನಗಳಿದ್ದ ಸಭಾಂಗಣದೊಳಗೆ ದೂರವಾಣಿ, ದೂರದರ್ಶನ ಮೊದಲಾದ ಉಪಕರಣಗಳು ಬಂದವು.

ಇದನ್ನು ಪುನರುಜ್ಜೀವನವೆನ್ನಬಹುದೆ? ಕೆಡವಿದ ಪ್ಲಾಜಾದ ಪಕ್ಕದಲ್ಲಿಟ್ಟು ನೋಡಿದರೆ ಇದು ಲಾಭವೇ ಸರಿ. ಮುಂಬಯಿಯ ರಾಯಲ್ ಒಪೇರಾ ಹೌಸಿನ ಪಕ್ಕದಲ್ಲಿಟ್ಟರೆ ಉತ್ತರ ಅಷ್ಟು ಸುಲಭವಲ್ಲ. ಅದೂ ರಂಗಮಂದಿರವಾಗಿ ಹುಟ್ಟಿ, ಚಿತ್ರಮಂದಿರವಾಗಿ ಬಾಳಿ, 1993ರಲ್ಲಿ ಮುಚ್ಚಿದ್ದೇ. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಮಾರ್ಗದರ್ಶನದಲ್ಲಿ ಜೀರ್ಣೋದ್ಧಾರಗೊಂಡು 2016ರಲ್ಲಿ ಮತ್ತೆ ತೆರೆದಾಗ ಅಲ್ಲಿ ವೇದಿಕೆಗೆ ವೇದಿಕೆಯೇ ಮರಳಿತು. ಬೆಂಗಳೂರಿನಲ್ಲಿ ಸಂರಕ್ಷಿತವಾದದ್ದು ವಾಸ್ತು, ಪ್ರೇಕ್ಷಾಗೃಹವಲ್ಲ. ನಗರದ ಮಧ್ಯಭಾಗದ ನಿವೇಶನದ ಬೆಲೆಯನ್ನು ಒಂಟಿ ಪರದೆಯ ಆದಾಯ ಸರಿದೂಗಿಸಲಾರದೆಂಬುದು ಅದಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. ಮಾಲೀಕರನ್ನಷ್ಟೇ ದೂರಿ ಫಲವಿಲ್ಲ.

ಗೋಡೆಗಳನ್ನು ಉಳಿಸಲಾಗದೆಡೆಯೂ ಮಾಡಬಹುದಾದ ಒಂದು ಕೆಲಸವಿದೆ. ಕರ್ನಾಟಕ ಸಿನಿಮಾ (ನಿಯಂತ್ರಣ) ಅಧಿನಿಯಮ, 1964ರ ಪ್ರಕಾರ ಪರವಾನಗಿಯಿಲ್ಲದೆ ಚಿತ್ರಪ್ರದರ್ಶನ ನಡೆಸುವಂತಿಲ್ಲ. ಆ ಪರವಾನಗಿಗಳ ಕಡತಗಳಲ್ಲಿ ಕಟ್ಟಡದ ನಕ್ಷೆ, ಆಸನಗಳ ಸಂಖ್ಯೆ, ಪ್ರೊಜೆಕ್ಟರ್ ಕೋಣೆಯ ವಿವರಗಳು ಸೇರುತ್ತವೆ. ಎಲ್ಜಿನ್, ಪ್ಲಾಜಾ, ರೆಕ್ಸ್‌ಗಳ ಕಡತಗಳನ್ನು ಹುಡುಕಿ ರಾಜ್ಯ ಪತ್ರಾಗಾರಕ್ಕೆ ಸೇರಿಸುವುದಾದರೆ, ಅದು ಆ ಕಾಗದಗಳು ರದ್ದಿಗೆ ಹೋಗುವ ಮೊದಲು ಆಗಬೇಕು.