ಕಲ್ಲು, ಬಣ್ಣ, ಅಕ್ಷರ: ನಮ್ಮ ಸೀಮೆಯ ಕಲಾಪರಂಪರೆ

ನಮ್ಮ ಶಾಲೆಯು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಸಂದರ್ಭದಲ್ಲಿ, ಶಾಲೆಯ ಚರಿತ್ರೆಯೊಂದಿಗೆ ಅದು ನಿಂತಿರುವ ನೆಲದ ಚರಿತ್ರೆಯನ್ನೂ ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರ, ರಾಯದುರ್ಗಗಳೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಬರಗಾಲ, ಕಡಲೆಕಾಯಿ ಹೊಲ, ಬೋಳುಗುಡ್ಡ. ನಮ್ಮ ಮಕ್ಕಳೂ ಎಷ್ಟೋ ವೇಳೆ ‘ನಮ್ಮ ಊರಿನಲ್ಲಿ ಏನಿದೆ?’ ಎಂದು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲಿಗೆ ಗಡಿಯ ಮಾತು. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟುದರಿಂದ ಇದಕ್ಕೆ ದತ್ತಮಂಡಲವೆಂಬ ಹೆಸರು ಬಂತು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದರು. 1953ರಲ್ಲಿ ಆಂಧ್ರ ರಾಜ್ಯ ಉದಯವಾದಾಗ ರಾಯದುರ್ಗವೂ ಬಳ್ಳಾರಿಯಿಂದ ಅನಂತಪುರಕ್ಕೆ ಸೇರಿತು. 2022ರಲ್ಲಿ ಹಿಂದೂಪುರ, ಮಡಕಶಿರಾ ಭಾಗಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು; ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆಗಳು ಹೀಗೆ ಮತ್ತೆ ಮತ್ತೆ ಸ್ಥಳ ಬದಲಿಸಿವೆ. ಕಲ್ಲುಗಳು ಮಾತ್ರ ಇದ್ದಲ್ಲೇ ಇದ್ದು, ಈ ಎಲ್ಲ ಗೆರೆಗಳಿಗಿಂತ ಹಿಂದಿನ ಕಥೆಯನ್ನು ಹೇಳುತ್ತಿವೆ.

ಆ ಕಥೆಯ ಮೊದಲ ದೊಡ್ಡ ಅಧ್ಯಾಯ ಹೆಂಜೇರು. ಇಂದು ಹೇಮಾವತಿ ಎಂದು ಕರೆಯಲಾಗುವ, ಅಮರಾಪುರದ ಬಳಿಯ ಈ ಗ್ರಾಮ ಒಂದು ಕಾಲಕ್ಕೆ ‘ನೊಳಂಬವಾಡಿ ಮೂವತ್ತೆರಡು ಸಾಸಿರ’ದ ರಾಜಧಾನಿಯಾಗಿತ್ತು. ಸುಮಾರು ಎಂಟನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ ನೊಳಂಬರು ಈ ನಾಡನ್ನು ಆಳಿದರು. ಹೇಮಾವತಿಯ ಕಂಬಶಾಸನವು ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ ಎಂದು ಆ ವಂಶಾವಳಿಯನ್ನು ಹೇಳುತ್ತದೆ. ಗಂಗರು, ರಾಷ್ಟ್ರಕೂಟರು, ಚೋಳರಂಥ ದೊಡ್ಡ ಅರಸುಮನೆಗಳ ನಡುವೆ ಸಿಕ್ಕಿದ ಚಿಕ್ಕ ರಾಜ್ಯವಿದು. ಆದರೂ ಶಿಲ್ಪದಲ್ಲಿ ತನ್ನದೇ ಆದ ಶೈಲಿಯೊಂದನ್ನು ಅದು ರೂಪಿಸಿಕೊಂಡಿತು.

ಹೇಮಾವತಿಯ ದೊಡ್ಡೇಶ್ವರ ದೇವಾಲಯದ ಜಾಲಂಧ್ರಗಳನ್ನು ಒಮ್ಮೆ ನೋಡಬೇಕು. ಒಳಗೆ ಗಾಳಿ ಬೆಳಕು ಬರಲೆಂದು ಕಲ್ಲಿನಲ್ಲಿ ಕೊರೆದ ಕಿಟಕಿಗಳು ಇವು. ಶಿಲ್ಪಿಯು ಬರಿಯ ರಂಧ್ರಗಳನ್ನು ಕೊರೆದು ಸುಮ್ಮನಾಗದೆ ಅವುಗಳ ನಡುವೆ ಬಳ್ಳಿಯನ್ನು ಸುತ್ತಿಸಿ, ದೇವತಾಮೂರ್ತಿಗಳನ್ನು ನಿಲ್ಲಿಸಿದ್ದಾನೆ. ಕಪ್ಪು ಕಲ್ಲಿನ ಕಂಬಗಳನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿದ್ದಾನೆ. ಪಕ್ಕದ ಸಿದ್ಧೇಶ್ವರ ಗುಡಿಯಲ್ಲಿ ಶಿವನು ಲಿಂಗರೂಪದಲ್ಲಿರದೆ ಮನುಷ್ಯಾಕಾರದಲ್ಲಿ ಕುಳಿತಿದ್ದಾನೆ. ಇಂಥ ಗರ್ಭಗುಡಿಗಳು ಅಪರೂಪ.

ಈ ಕಲೆಯ ಕೀರ್ತಿಯೇ ಅದಕ್ಕೆ ಮುಳುವಾಯಿತೆನ್ನಬಹುದು. ಗಂಗರ ಎರಡನೆಯ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ‘ನೊಳಂಬಕುಲಾಂತಕ’ ಎಂಬ ಬಿರುದನ್ನೇ ಧರಿಸಿದನು. ಬಳಿಕ ಚೋಳರ ದಂಡು ಬಂತು. ಕಾವೇರಿ ತೀರದ ತಿರುವೈಯಾರಿನ ದೇವಾಲಯದಲ್ಲಿ ಇಂದಿಗೂ ನೊಳಂಬ ಶೈಲಿಯ ಕಂಬಗಳಿವೆ. ಗೆಲುವಿನ ಗುರುತಾಗಿ ಇಲ್ಲಿಂದ ಅವನ್ನು ಒಯ್ದರೆಂಬುದು ವಿದ್ವಾಂಸರ ಅಭಿಪ್ರಾಯ. ಆಧುನಿಕ ಕಾಲದಲ್ಲಿ ಹೇಮಾವತಿಯ ಅನೇಕ ಶಿಲ್ಪಗಳು ಮದರಾಸಿನ ಸರ್ಕಾರಿ ಸಂಗ್ರಹಾಲಯವನ್ನು ಸೇರಿದವು. ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿ ಅವರು ಅವುಗಳ ಕುರಿತು 1964ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಹೀಗೆ ನಮ್ಮ ಸೀಮೆಯ ಶಿಲ್ಪವನ್ನು ಪರಊರಿನವರು ಟಿಕೆಟ್ ಕೊಂಡು ನೋಡುತ್ತಾರೆ. ನಮ್ಮವರಲ್ಲಿ ಎಷ್ಟೋ ಮಂದಿ ಹೇಮಾವತಿಗೆ ಒಮ್ಮೆಯೂ ಹೋಗಿಲ್ಲ.

ಎರಡನೆಯ ಅಧ್ಯಾಯ ಲೇಪಾಕ್ಷಿ. ಹಿಂದೂಪುರದಿಂದ ಸುಮಾರು ಹದಿನೈದು ಕಿಲೋಮೀಟರ್ ದೂರದಲ್ಲಿ, ಆಮೆಯ ಬೆನ್ನಿನಂತಿರುವ ಕೂರ್ಮಶೈಲದ ಮೇಲೆ ವೀರಭದ್ರ ದೇವಾಲಯವಿದೆ. ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ, 1530ರ ದಶಕದ ಸುಮಾರಿಗೆ, ಪೆನುಗೊಂಡೆಯ ಅಧಿಕಾರಿಗಳಾಗಿದ್ದ ವಿರೂಪಣ್ಣ ಮತ್ತು ವೀರಣ್ಣ ಎಂಬ ಸೋದರರು ಇದನ್ನು ವಿಸ್ತರಿಸಿ ಕಟ್ಟಿಸಿದರು. ನಾಟ್ಯಮಂಟಪದ ಕಂಬಗಳಲ್ಲಿ ರಂಭೆ ನರ್ತಿಸುತ್ತಾಳೆ, ತುಂಬುರು ನಾರದರು ವಾದ್ಯ ಹಿಡಿದಿದ್ದಾರೆ, ಮೂರು ಕಾಲಿನ ಭೃಂಗಿ ಹೆಜ್ಜೆ ಹಾಕುತ್ತಾನೆ. ಪ್ರವಾಸಿಗರು ತೂಗುಗಂಬದ ಕೆಳಗೆ ಬಟ್ಟೆ ಎಳೆದು ಬೆರಗಾಗುತ್ತಾರೆ, ಏಕಶಿಲೆಯ ಬೃಹತ್ ನಂದಿಯ ಮುಂದೆ ಚಿತ್ರ ತೆಗೆಸಿಕೊಳ್ಳುತ್ತಾರೆ. ಆದರೆ ಲೇಪಾಕ್ಷಿಯ ನಿಜವಾದ ಸಂಪತ್ತನ್ನು ಕಾಣಬೇಕಾದರೆ ತಲೆಯೆತ್ತಿ ನೋಡಬೇಕು.

ಮಂಟಪಗಳ ಮೇಲ್ಛಾವಣಿಯ ಕಲ್ಲುಚಪ್ಪಡಿಗೆ ಗಾರೆಯನ್ನು ಹದವಾಗಿ ಹಚ್ಚಿ, ಅದರ ಮೇಲೆ ಕಾವಿ, ಹಳದಿ ಮಣ್ಣು, ಸುಣ್ಣದ ಬಿಳುಪು, ಕಪ್ಪು, ಹಸಿರುಗಳಿಂದ ಚಿತ್ರಗಳನ್ನು ಬರೆದಿದ್ದಾರೆ. ಕಿರಾತಾರ್ಜುನೀಯ, ಗಿರಿಜಾಕಲ್ಯಾಣ, ದ್ರೌಪದೀ ಸ್ವಯಂವರ, ವಟಪತ್ರಶಾಯಿ, ಕರುವಿಗೆ ನ್ಯಾಯ ನೀಡಿದ ಮನುನೀತಿ ಚೋಳನ ಕಥೆ ಸಾಲುಸಾಲಾಗಿ ಸಾಗುತ್ತವೆ. ಗರ್ಭಗುಡಿಯ ಮುಂದಿನ ಛಾವಣಿಯನ್ನು ವೀರಭದ್ರನ ಒಂದೇ ಮಹಾಚಿತ್ರ ತುಂಬಿಕೊಂಡಿದೆ. ವಿರೂಪಣ್ಣ ವೀರಣ್ಣರೂ ಪರಿವಾರ ಸಮೇತ ಕೈಮುಗಿದು ನಿಂತಿದ್ದಾರೆ. ಗಂಡಸರ ತಲೆಯ ಮೇಲೆ ಉದ್ದನೆಯ ಕುಲ್ಲಾಯಿ, ಹೆಂಗಸರ ಪಕ್ಕಕ್ಕೆ ಕಟ್ಟಿದ ತುರುಬು, ಬಗೆಬಗೆಯ ಸೆರಗು. ಹಂಪೆಯ ವೈಭವವನ್ನು ವಿದೇಶೀ ಯಾತ್ರಿಕರು ಮಾತಿನಲ್ಲಿ ಬಣ್ಣಿಸಿದ್ದಾರೆ. ಆ ಕಾಲದ ಜನ ಹೇಗೆ ಉಡುತ್ತಿದ್ದರು, ತೊಡುತ್ತಿದ್ದರು ಎಂಬುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. 2022ರಲ್ಲಿ ಈ ದೇವಾಲಯ ಹಾಗೂ ನಂದಿ ಯುನೆಸ್ಕೊದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದುದು ನಮಗೆಲ್ಲ ಹೆಮ್ಮೆ.

ಹೇಮಾವತಿಯ ಕಂಬಗಳಂತೆ ಛಾವಣಿಯ ಚಿತ್ರಗಳನ್ನು ಯಾರೂ ಹೊತ್ತೊಯ್ಯಲಾರರು. ಅವು ಇದ್ದಲ್ಲೇ ಅಳಿಯುತ್ತವೆ. ಮಳೆಯ ನೀರು ಒಸರುತ್ತದೆ, ಗಾರೆ ಉದುರುತ್ತದೆ, ಬಣ್ಣ ಮಾಸುತ್ತದೆ. ನಮ್ಮ ಪ್ರವಾಸಗಳಲ್ಲಿ ಹಿಂದೆ ಸ್ಪಷ್ಟವಾಗಿ ತೋರಿಸಿದ ಕೆಲವು ಮುಖಗಳನ್ನು ಈಚೆಗೆ ಮಕ್ಕಳಿಗೆ ಬೆರಳಿಟ್ಟು ತೋರಿಸಲು ನಾವೇ ತಡಕಾಡಿದ್ದೇವೆ.

ಮೂರನೆಯದು ಜನರ ಕೈಯಲ್ಲಿ ಉಳಿದುಕೊಂಡ ಕಲೆ. ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ತೊಗಲುಬೊಂಬೆಯ ಕುಟುಂಬಗಳಿವೆ. ಮನೆಯೊಳಗೆ ಮರಾಠಿಯ ಒಂದು ಬಗೆಯನ್ನಾಡುವ ಇವರು ತೆಲುಗಿನಲ್ಲಿ ರಾಮಾಯಣ ಆಡಿಸುತ್ತಾರೆ. ಹದಮಾಡಿದ ತೊಗಲಿನಲ್ಲಿ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆದು ಬಣ್ಣ ತುಂಬುತ್ತಾರೆ. ಆಟಕ್ಕೆ ಪ್ರೇಕ್ಷಕರು ಕಡಮೆಯಾದಾಗ ಇವರು ದೀಪದ ಮುಸುಕು, ಗೋಡೆಯ ಅಲಂಕಾರಗಳನ್ನು ಮಾಡಿ ಕಸುಬನ್ನು ಉಳಿಸಿಕೊಂಡರು. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಧರ್ಮಾವರದ ರೇಷ್ಮೆ ಸೀರೆಯ ಮಗ್ಗಗಳೂ ಇದೇ ಪರಂಪರೆಯ ಅಂಗ. ಲೇಪಾಕ್ಷಿಯ ಛಾವಣಿಯ ವಿನ್ಯಾಸಗಳು ಇಂದಿಗೂ ನೇಕಾರರಿಗೆ ಮಾದರಿಯಾಗಿವೆ.

ಕೊನೆಯದಾಗಿ, ನಮ್ಮ ಶಾಲೆಗೆ ಅತ್ಯಂತ ಹತ್ತಿರದ ಸಂಗತಿ. ಈ ಎಲ್ಲ ಕಲೆಯ ಕೀಲಿಕೈ ಅಕ್ಷರ. ಹೇಮಾವತಿಯಲ್ಲಿ, ಲೇಪಾಕ್ಷಿಯಲ್ಲಿ, ನಮ್ಮ ನೆರೆಯ ಊರುಗಳಲ್ಲಿ ಕನ್ನಡ ಶಾಸನಗಳು ಹೇರಳವಾಗಿವೆ. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟ 1939ರಲ್ಲಿ ಅಚ್ಚಾದಾಗ ನಮ್ಮ ಜಿಲ್ಲೆಯ ಅನೇಕ ಶಾಸನಗಳು ಅದರಲ್ಲಿ ಸೇರಿದವು. ಯಾವ ಗುಡಿಗೆ ಯಾರು ಭೂಮಿ ಕೊಟ್ಟರು, ಯಾವ ಕೆರೆಯನ್ನು ಯಾರು ಕಟ್ಟಿಸಿದರು ಎಂಬುದೆಲ್ಲ ಆ ಅಕ್ಷರಗಳಲ್ಲೇ ಇದೆ. ಅಲ್ಲಿಗೆ ಕನ್ನಡವನ್ನು ಯಾರೂ ಹೊರಗಿನಿಂದ ತಂದುದಲ್ಲ, ತೆಲುಗು ಅದಕ್ಕೆ ಪ್ರತಿಸ್ಪರ್ಧಿಯೂ ಅಲ್ಲ. ಎರಡು ಭಾಷೆಗಳೂ ಒಂದೇ ಅಂಗಳದಲ್ಲಿ ಬೆಳೆದವು. ಎರಡನ್ನೂ ಬಲ್ಲ ಮಗುವಿಗೆ ಈ ನೆಲ ಇಡಿಯಾಗಿ ದಕ್ಕುತ್ತದೆ.

ಒಮ್ಮೆ ಹೇಮಾವತಿಯ ಪ್ರವಾಸದಲ್ಲಿ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಶಾಸನವೊಂದರ ಮುಂದೆ ಬಹಳ ಹೊತ್ತು ಕುಳಿತಿದ್ದಳು. ಬಸ್ಸು ಹೊರಡುವ ಹೊತ್ತಾದರೂ ಏಳಲಿಲ್ಲ. ಹತ್ತಿರ ಹೋಗಿ ನೋಡಿದರೆ ಕಲ್ಲಿನ ಮೇಲೆ ಬೆರಳಾಡಿಸುತ್ತ, ‘ಟೀಚರ್, ಇದು ಶ್ರೀ ಅಲ್ಲವೇ? ಇದು ರ ಅಲ್ಲವೇ?’ ಎಂದಳು. ಹೌದು, ಅಲ್ಲಿದ್ದುದು ಶ್ರೀಕಾರವೇ. ಸಾವಿರ ವರ್ಷ ಹಿಂದಿನ ಲಿಪಿಕಾರನೊಬ್ಬನು ಬರೆದುದು ನಮ್ಮ ಶಾಲೆಯ ಮಗುವಿಗೆ ಮುಟ್ಟಿತು. ನಡುವೆ ಬೇರಾರೂ ಇರಲಿಲ್ಲ.

ಇಂದು ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಸೇರಿಸಲು ಪೋಷಕರು ಹಿಂಜರಿಯುತ್ತಾರೆ. ಉದ್ಯೋಗದ ಚಿಂತೆ ಸಹಜ, ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಈ ಊರುಗಳಲ್ಲಿ ಕನ್ನಡ ಓದಬಲ್ಲ ಕೊನೆಯ ಮಗು ಶಾಲೆ ಬಿಟ್ಟ ದಿನ, ಹೇಮಾವತಿಯ ಶಾಸನಗಳು ಬರಿಯ ಗೀಚುಗಳಾಗುತ್ತವೆ. ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ, ಪೋಷಕರಲ್ಲಿ ನಮ್ಮ ವಿನಂತಿ ಸಣ್ಣದು. ಈ ವರ್ಷ ಒಂದು ಭಾನುವಾರ ನಿಮ್ಮ ಮಕ್ಕಳನ್ನು ಹೇಮಾವತಿಗೋ ಲೇಪಾಕ್ಷಿಗೋ ಕರೆದೊಯ್ಯಿರಿ. ಗೋಡೆಯನ್ನು ಮುಟ್ಟಬೇಡವೆಂದು ಹೇಳಿರಿ. ಕಲ್ಲಿನ ಮೇಲಿನ ಅಕ್ಷರವನ್ನು ತೋರಿಸಿ, ಓದಲು ಹೇಳಿರಿ. ನಮ್ಮ ಶಾಲೆ ನೂರು ವರ್ಷ ಕಲಿಸಿದುದು ಆ ಓದನ್ನೇ. ಮುಂದೆ ಕಲಿಸಬೇಕಾದುದೂ ಅದನ್ನೇ.