ಬಂಡಿ ಕೆಳಗಿನ ನಾಯಿ

ಬಂಡಿ ಕೆಳಗಿನ ನಾಯಿ ತಾನೇ ಬಂಡಿ ಎಳೀತೀನಿ ಅಂದಂಗ ಅಂತ ನಾವು ಎಷ್ಟು ಸಲ ಅಂದಿಲ್ಲ! ದುಡಿಯೋರು ಒಬ್ಬರು, ಬಡಿವಾರ ಇನ್ನೊಬ್ಬರದು ಇದ್ದಾಗ ಈ ಗಾದಿ ಬಾಯಿಗೆ ಬಂದೇ ಬರ್ತದ. ಆದ್ರ ಆ ನಾಯಿ ಬಂಡಿ ಕೆಳಗ ಯಾಕ ನಡೀತಿತ್ತು ಅಂತ ಯಾರೂ ಕೇಳಂಗಿಲ್ಲ. ನೆರಳಿಗೆ ನೋಡ್ರಿ. ನಮ್ಮ ಕಡಿ ಬ್ಯಾಸಗ್ಯಾಗ ಗಿಡ ಇಲ್ಲದ ದಾರಿಯೊಳಗ ಸಿಗೋದು ಅದೊಂದೇ ನೆರಳು.

ಸೂಟಿ ಬಂತು. ಖೂಬಾ ಪ್ಲಾಟಿನ್ಯಾಗ ಮನಿ ಮನಿಗೂ ಬೀಗರು, ತವರಿಗೆ ಬಂದ ಹೆಣ್ಮಕ್ಕಳು, ಮೊಮ್ಮಕ್ಕಳು. ಒಂದಿನ ಗಾಣಗಾಪುರಕ್ಕೆ ಹೋಗಿ ಭೀಮಾ ಅಮರ್ಜಾ ಸಂಗಮದಾಗ ಜಳಕ ಮಾಡಿ, ಬುತ್ತಿ ಬಿಚ್ಚಿ ಬರೋಣ ಅಂತಾರ. ನಾಯಿನೂ ಗಾಡ್ಯಾಗ ಹತ್ತಿ ಕುಂತಿರ್ತದ. ಅದಕ್ಕೇ ಈ ಹಳೀ ಮಾತು ತೆಗದೀನಿ.

ನಮ್ಮ ಅಜ್ಜಿ ಕಾಲದಾಗ ಇದೇ ಪ್ರಯಾಣ ಬಂಡಿ ಮ್ಯಾಲ. ಕೋಳಿ ಕೂಗೂದ್ರಾಗ ಎತ್ತು ಹೂಡಬೇಕು. ಹೊತ್ತು ನೆತ್ತಿಗೆ ಬರೂದ್ರಾಗ ಬೇವಿನ ಗಿಡನೋ ಹುಣಸಿ ಗಿಡನೋ, ಹತ್ತಿರ ಒಂದು ಬಾವಿನೋ ಹಳ್ಳನೋ ನೋಡಿ ಎತ್ತು ಬಿಚ್ಚೋದು. ಮೊದಲು ಎತ್ತಿಗೆ ನೀರು, ಆಮ್ಯಾಲ ನಾಯಿಗೆ, ಆಮ್ಯಾಲ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚೋದು. ಬಿಸಲು ಇಳಿದ ಮ್ಯಾಲ ಮತ್ತ ಹೂಡೋದು. ಇದೆಲ್ಲಾ ಬರೇ ಕರುಣೆ ಅಂತ ನಾ ಹೇಳಂಗಿಲ್ಲ. ದಾರ್ಯಾಗ ಎತ್ತು ಬಿದ್ರ ಮನಿ ಮುಟ್ಟೋದು ಹ್ಯಾಂಗ? ಪ್ರಯಾಣದ ಗಡಿಯಾರ ಎತ್ತಿನ ಕೈಯಾಗಿತ್ತು, ನಾಯಿಗೂ ಅದರ ಲಾಭ ಸಿಗ್ತಿತ್ತು, ಅಷ್ಟೆ.

ಇದೇ ಮಾತು ಮುಂದ ಕಾನೂನಾಗಿ ಬಂತು. ನೃತ್ಯಗಾತಿ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭಾದಾಗ ಕುಂತು ಹಟ ಹಿಡಿದ ಮ್ಯಾಲೇ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಆಗಿದ್ದು. ಹೆಣ್ಮಗಳು ಮಾಡಿದ ಕೆಲಸ, ನೆನಪಿಡ್ರಿ. 1965ರ ನಿಯಮದಾಗ ಲೆಕ್ಕನೂ ಅದ: ದಿನಕ್ಕ 9 ತಾಸಿಗಿಂತ ಹೆಚ್ಚು ಬಂಡಿ ಹೂಡಬಾರದು, ಸತತ 5 ತಾಸಿಗಿಂತ ಹೆಚ್ಚು ನಡಸಬಾರದು, 37 ಡಿಗ್ರಿ ದಾಟಿದ ಊರಾಗ ಮಧ್ಯಾಹ್ನ 12ರಿಂದ 3ರ ತನಕ ಹೂಡಲೇಬಾರದು. ಅಜ್ಜಿ ಈ ನಿಯಮ ಓದಿರಲಿಲ್ಲ, ಮಾಡಿದ್ದು ಮಾತ್ರ ಅದನ್ನೇ. ಬಾಡಿಗಿ ಬಂಡಿಯವರು ಸುಡೋ ಬಿಸಿಲಾಗೂ ಬಾರುಕೋಲು ಬೀಸ್ತಿದ್ರು, ಇಲ್ಲಂದ್ರ ಕಾನೂನು ಯಾಕ ಬೇಕಿತ್ತು? ಆ ನಿಯಮ ಎಳೆಯೋ, ಹೊರೋ ಪ್ರಾಣಿಗಳಿಗೆ. ಮನಿ ನಾಯಿ ಬೆಕ್ಕಿಗೆ 1960ರ ಕಾಯ್ದೆಯೇ ಅದ: ಸಾಕಿದವರು ನೀರು, ಕೂಳು, ನೆರಳು ಕೊಡಲೇಬೇಕು.

ನಡುವ ರೈಲು ಬಂತು. 1871ರಾಗ ಮುಂಬೈ ಮದ್ರಾಸ್ ಹಳಿ ರಾಯಚೂರಿನ್ಯಾಗ ಕೂಡಿದ ಮ್ಯಾಲ ನಮ್ಮೂರಿನವರು ಗಾಣಗಾಪುರ ರೋಡ್ ಸ್ಟೇಶನ್ನಿನ ತನಕ ರೈಲಿಗೆ ಹೋಗೋ ಹಂಗಾಯ್ತು. ರೈಲಿನ್ಯಾಗ ನಾಯಿಗೆ ಗಾರ್ಡ್ ಡಬ್ಬಿಯ ಪೆಟ್ಟಿಗಿ. ಬ್ಯಾಸಗ್ಯಾಗ ಆ ಪೆಟ್ಟಿಗಿ ಅಂದ್ರ ನನಗ ಇವತ್ತಿಗೂ ಎದಿ ಝಲ್ ಅಂತದ.

ಈಗ ಕಾರು. ಎತ್ತಿಲ್ಲ, ಅದರ ಗಡಿಯಾರನೂ ಇಲ್ಲ. ಎಲ್ಲರ ಜಳಕ ಆಗಿ, ಸೀರಿ ಉಟ್ಟು, ಹೊರಡೂದ್ರಾಗ ಹನ್ನೊಂದು. ಮುಟ್ಟೋದು ಸುಡು ಮಧ್ಯಾಹ್ನಕ್ಕ. ನಾವು ದರ್ಶನಕ್ಕ ಹೋಗಿ "ಐದೇ ನಿಮಿಷ" ಅಂತ ನಾಯಿನ ಕಾರಿನ್ಯಾಗ ಬಿಟ್ರ ಅದು ಉಳಿಯೋದು ಕಷ್ಟ. ಮುಚ್ಚಿದ ಕಾರಿನ್ಯಾಗ ಹತ್ತು ನಿಮಿಷಕ್ಕ ಹತ್ತು ಡಿಗ್ರಿ ಏರ್ತದ, ಕಿಡಕಿ ನಾಕು ಬೆರಳು ಇಳಿಸಿದ್ರೂ ಅಷ್ಟೇ. ನಮಗ ಮೈತುಂಬ ಬೆವರು. ನಾಯಿಗೆ ಅಂಗಾಲಿನ್ಯಾಗ ಒಂದೀಟು ಬಿಟ್ರ ತೇಕಿಯೇ ಮೈ ತಣ್ಣಗ ಮಾಡ್ಕೋಬೇಕು. ಪಗ್‌ನಂಥ ಚಪ್ಪಟಿ ಮೂಗಿನವಕ್ಕ ಅದೂ ನೀಗಂಗಿಲ್ಲ. ಅಂಥವನ್ನ ಮನ್ಯಾಗೇ ಬಿಟ್ಟು, ಯಾರರೆ ಒಬ್ಬರು ನೋಡ್ಕೊಂಡ್ರ ಛಲೋ. ಡಾಂಬರು ಮ್ಯಾಲ ಮುಂಗೈ ಐದು ಎಣಿಸೋ ತನಕ ಇಡ್ರಿ. ನಿಮಗ ತಾಳದಿದ್ರ ಅದರ ಕಾಲಿಗೂ ತಾಳಂಗಿಲ್ಲ.

ಗಾಣಗಾಪುರದಾಗ ಇನ್ನೊಂದು ಅದ. ದತ್ತನ ಪಟದಾಗ ನಾಕು ನಾಯಿ ಇರ್ತಾವ, ನಾಕು ವೇದ ಅಂತಾರ. ಹಿಂಗಾಗಿ ಅಲ್ಲಿ ಬಂದವರೆಲ್ಲ ನಾಯಿಗೆ ತುತ್ತು ಹಾಕ್ತಾರ. ನಿಮ್ಮ ನಾಯಿಗೂ ಹಾಕ್ತಾರ, ಬ್ಯಾಡ ಅಂದ್ರ ಸಿಟ್ಟಾಗ್ತಾರ. ಶಿರಾದಾಗಿನ ಒಣದ್ರಾಕ್ಷಿ ನಾಯಿ ಮೂತ್ರಪಿಂಡ ಕೆಡಸ್ತದ, ಉಳ್ಳಾಗಡ್ಡಿ ರಕ್ತ ಕೆಡಸ್ತದ. ಕೈ ಮುಗದು ಬಿಡಸ್ರಿ. ಊರ ನಾಯಿಗೋಳು ಗುಂಪಾಗಿ ಇರ್ತಾವ, ಹಗ್ಗ ಬಿಡಬ್ಯಾಡ್ರಿ. ಹೋಗೋಕ್ಕಿಂತ ಮೊದಲು ರೇಬೀಸ್ ಸೂಜಿ ಆಗೇದೇನು ನೋಡ್ರಿ.

ಇಷ್ಟಾದ್ರೂ ನಾಯಿ ಜೊಲ್ಲು ಸುರಿಸಿ, ಕಾಲು ತಡವರಿಸಿ, ವಾಂತಿ ಮಾಡಿದ್ರ ಝಳ ಹೊಡದದ ಅಂತ ತಿಳೀರಿ. ನೆರಳಿಗೆ ತಂದು ಮೈಗೆಲ್ಲಾ ಕೊಡದಾಗಿನ ನೀರು ಸುರೀರಿ, ಸೆರಗಿಲೇ ಗಾಳಿ ಹಾಕ್ರಿ. ತಾನೇ ಕುಡದ್ರ ಒಂದೀಟು ನೀರು, ಒತ್ತಾಯಕ್ಕ ಬಾಯಾಗ ಹಾಕಬ್ಯಾಡ್ರಿ. ಮೈ ತಣ್ಣಗ ಮಾಡ್ತಾನೇ ದನದ ಡಾಕ್ಟರಿಗೆ ಫೋನ್ ಹಚ್ಚಿ, ತಡ ಮಾಡದಂಗ ಕರ್ಕೊಂಡು ಹೋಗ್ರಿ.

ಈ ಐತ್ವಾರ ಹೊರಡೋರು ನಸುಕಿನ ಐದಕ್ಕ ಗಾಡಿ ಹತ್ರಿ ವೈನಿ, ಬುತ್ತಿ ರಾತ್ರಿನೇ ಕಟ್ಟಿಡ್ರಿ.