ಚಿನ್ನದ ತೊಟ್ಟಿಲು: ಒಂದು ಕಲ್ಲಚ್ಚಿನ ಚಿತ್ರವನ್ನು ಕುರಿತು

ನಮ್ಮ ಗುರುನಿವಾಸದ ಹೊರಕೋಣೆಯ ಗೋಡೆಯ ಮೇಲೆ ಗಾಜಿನ ಕಟ್ಟು ಹಾಕಿಸಿದ ಹಳೆಯ ಚಿತ್ರವೊಂದರ ಪ್ರತಿಯುಂಟು. ಜ್ಞಾನಸ್ನಾನದ ಪತ್ರಕ್ಕೆಂದೋ ಮದುವೆಯ ಪ್ರಕಟಣೆಗೆಂದೋ ಬಂದು ಅಲ್ಲಿ ಕಾದು ಕುಳಿತವರೆಲ್ಲರೂ ಅದನ್ನು ಕಂಡವರೇ. ಮೆಲ್ಬರ್ನ್ ನಗರದಲ್ಲಿ ನೆಲೆಸಿರುವ ನಮ್ಮ ಧರ್ಮಕೇಂದ್ರದ ಕುಟುಂಬವೊಂದು ರಜೆಯಲ್ಲಿ ಊರಿಗೆ ಬಂದಾಗ ನಮಗಿತ್ತ ಕಾಣಿಕೆಯಿದು. ಒಮ್ಮೆ ವೃದ್ಧ ತಾಯಿಯೊಬ್ಬರು ಅದರ ಮುಂದೆ ನಿಂತು ಶಿಲುಬೆಯ ಗುರುತು ಹಾಕಿಕೊಂಡು, “ಇದು ಐಗುಪ್ತಕ್ಕೆ ಹೋದ ಪವಿತ್ರ ಕುಟುಂಬ ಅಲ್ಲವಾ, ಸ್ವಾಮಿ?” ಎಂದು ಕೇಳಿದರು.

“ಅಲ್ಲ ತಾಯಿ, ಇವರು ಚಿನ್ನ ಅಗೆಯೋ ಜನ” ಎಂದೆವು.

ಆಕೆ ಕನ್ನಡಕವನ್ನು ಸರಿಪಡಿಸಿಕೊಂಡು ಮತ್ತೊಮ್ಮೆ ನೋಡಿದರು. “ಹಾಗಾದರೆ ಕೂಸನ್ನು ಕೈಯಲ್ಲೇ ಇಟ್ಟುಕೊಂಡು ಆ ಹೆಣ್ಣುಮಗಳು ತೂಗ್ತಾ ಇರೋದು ಏನನ್ನ?”

ಆ ಪ್ರಶ್ನೆಗೆ ಅಂದು ನಾವು ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಿದೆವು. ಈ ಸ್ಮರಣ ಸಂಚಿಕೆಯ ನೆಪದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲು ಅವಕಾಶ ದೊರೆತಿದೆ.

ಚಿತ್ರವನ್ನು ಬರೆದವನು ಸ್ಯಾಮ್ಯುಯೆಲ್ ಥಾಮಸ್ ಗಿಲ್. 1818ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದಲ್ಲಿ ಬ್ಯಾಪ್ಟಿಸ್ಟ್ ಪಂಥದ ಬೋಧಕರೊಬ್ಬರ ಮಗನಾಗಿ ಹುಟ್ಟಿ, 1839ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದವನು. 1851ರಲ್ಲಿ ವಿಕ್ಟೋರಿಯಾ ಪ್ರಾಂತದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದಾಗ, ಗುಮಾಸ್ತರು ಲೇಖನಿಯನ್ನೂ ನಾವಿಕರು ಹಡಗನ್ನೂ ಕುರುಬರು ಮಂದೆಯನ್ನೂ ಬಿಟ್ಟು ಓಡಿದರು. ಮರುವರ್ಷ ಗಿಲ್ ಸಹ ಓಡಿದನು. ಚಿನ್ನ ಅವನ ಕೈಗೆ ಹತ್ತಲಿಲ್ಲ, ಚಿತ್ರಗಳು ಹತ್ತಿದವು. 1852ರಲ್ಲಿಯೇ ಅವನು ಚಿನ್ನದ ಬಯಲುಗಳ ದಿನನಿತ್ಯದ ಬಾಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಮಾರಾಟಕ್ಕೆ ತಂದನು. ಬೆಂಡಿಗೊ ಬಯಲಿನ ‘ಹುರುಪಿನ ಚಿನ್ನ ಅಗೆಯುವವರು’ ಎಂಬ ನಮ್ಮ ಈ ಚಿತ್ರವೂ ಅವುಗಳಲ್ಲಿ ಒಂದು.

ಕಲ್ಲಚ್ಚು ಎಂದರೇನೆಂದು ಕಿರಿಯರಿಗೆ ತಿಳಿದಿರಲಾರದು. ನುಣುಪುಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ನೀರು ಸವರಿ ಮಸಿಯ ಉರುಳೆಯನ್ನು ಹಾಯಿಸಿದರೆ, ಜಿಡ್ಡಿರುವ ಕಡೆಯಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಅದರ ಮೇಲೆ ಕಾಗದವನ್ನು ಒತ್ತುವುದು. ನಮ್ಮ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಅವರು ಅಚ್ಚು ಹಾಕಿಸಿದ್ದೂ ಹೀಗೆಯೇ. ಚಿತ್ರಕಾರನ ಕೈಬರಹವೇ ಕಲ್ಲಿನ ಮೂಲಕ ಕಾಗದಕ್ಕೆ ಇಳಿಯುವುದರಿಂದ, ನಡುವೆ ಕೆತ್ತನೆಗಾರನೊಬ್ಬನು ನಿಂತು ಚೆಂದಗೊಳಿಸುವ ಪ್ರಮೇಯವಿಲ್ಲ.

ಇನ್ನು ಆ ತಾಯಿಯ ಪ್ರಶ್ನೆ. ಚಿತ್ರದ ಹೆಂಗಸು ತೂಗುತ್ತಿರುವುದು ತೊಟ್ಟಿಲನ್ನೇ. ಆದರೆ ಅದರಲ್ಲಿರುವುದು ಮಣ್ಣು. ಚಿನ್ನ ತೊಳೆಯುವ ಆ ಮರದ ಪೆಟ್ಟಿಗೆಗೆ ಇಂಗ್ಲಿಷಿನವರು ತೊಟ್ಟಿಲೆಂದೇ ಹೆಸರಿಟ್ಟಿದ್ದರು. ಮೇಲ್ಭಾಗದಲ್ಲಿ ತೂತುಗಳ ಜರಡಿ, ಒಳಗೆ ಇಳಿಜಾರಾದ ಹಲಗೆ, ಹಲಗೆಗೆ ಅಡ್ಡಪಟ್ಟಿಗಳು, ಅಡಿಯಲ್ಲಿ ಬಾಗಿದ ಕಾಲುಗಳು. ಗಂಡಸು ಗುಂಡಿಯಿಂದ ಅಗೆದ ಮಣ್ಣನ್ನು ಜರಡಿಗೆ ಸುರಿಯಬೇಕು, ಮೇಲಿಂದ ನೀರು ಹೊಯ್ಯಬೇಕು, ಹಿಡಿಯನ್ನು ಹಿಡಿದು ಎಡೆಬಿಡದೆ ತೂಗಬೇಕು. ಹಗುರವಾದ ಮಣ್ಣು ಮರಳು ನೀರಿನೊಡನೆ ಹರಿದುಹೋಗಿ, ಭಾರವಾದ ಚಿನ್ನದ ಕಣಗಳು ಅಡ್ಡಪಟ್ಟಿಗಳ ಹಿಂದೆ ನಿಲ್ಲುತ್ತವೆ. ತೂಗುವ ಕೈ ನಿಂತರೆ ಮರಳು ಗಟ್ಟಿಯಾಗಿ ಕಚ್ಚಿಕೊಂಡು, ಬಂದ ಚಿನ್ನವೂ ಜಾರಿಹೋಗುವ ಭಯ. ಆದುದರಿಂದ ಕೂಸು ಹಸಿದು ಅತ್ತರೂ ಕೈ ನಿಲ್ಲುವಂತಿಲ್ಲ. ಒಂದು ಕೈಯಲ್ಲಿ ಮಗು, ಮತ್ತೊಂದರಲ್ಲಿ ಪೆಟ್ಟಿಗೆಯ ಹಿಡಿ. ನಮ್ಮ ಜೋಗುಳಗಳಲ್ಲಿ ತಾಯಂದಿರು ಹಾಡಿನಲ್ಲಿ ಮಾತ್ರ ಕಂಡ ಚಿನ್ನದ ತೊಟ್ಟಿಲು ಬೆಂಡಿಗೊದಲ್ಲಿ ನಿಜವಾಗಿಯೇ ಇತ್ತು. ಅದರಲ್ಲಿ ಮಲಗುವ ಭಾಗ್ಯ ಮಾತ್ರ ಮಗುವಿಗಿರಲಿಲ್ಲ.

ಈ ಹುರುಪಿಗೆ ಕಾರಣವೂ ಇತ್ತು. 1851ರ ಸೆಪ್ಟೆಂಬರಿನಿಂದ ಚಿನ್ನ ಅಗೆಯುವವರು ತಿಂಗಳಿಗೆ 30 ಷಿಲಿಂಗ್ ತೆತ್ತು ಸರ್ಕಾರದ ಪರವಾನಗಿ ಪಡೆಯಬೇಕಾಗಿತ್ತು. ಚಿನ್ನ ಸಿಕ್ಕಲಿ ಬಿಡಲಿ, ಹಣ ಕಟ್ಟಲೇಬೇಕು. ಭಾನುವಾರ ಅಗೆಯುವಂತಿಲ್ಲ. ಉಳಿದ ಆರು ದಿನಗಳಲ್ಲಿ ಮನೆಯ ಯಾವ ಕೈಯೂ ಬಿಡುವಾಗಿರುವಂತಿಲ್ಲ. ಈ ಪರವಾನಗಿಯ ಕಿರುಕುಳ ಬೆಳೆದು ಬೆಳೆದು, 1854ರ ಡಿಸೆಂಬರ್ 3ರ ಭಾನುವಾರ ಬ್ಯಾಲರಾಟ್ ಬಯಲಿನ ಯುರೇಕಾದಲ್ಲಿ ಸೈನಿಕರಿಗೂ ದುಡಿಮೆಗಾರರಿಗೂ ಕಾಳಗವಾಗಿ ರಕ್ತ ಹರಿಯಿತು. 1855ರಲ್ಲಿ ಆ ತೆರಿಗೆ ಹೋಗಿ ವರ್ಷಕ್ಕೆ 1 ಪೌಂಡಿನ ಹಕ್ಕುಪತ್ರ ಬಂದಿತು.

ಚಿನ್ನದ ಓಟವೆಂದೊಡನೆ ಗಡ್ಡಧಾರಿಗಳಾದ ಗಂಡಸರು, ಕುಡಿತ, ಜೂಜು, ಹೊಡೆದಾಟ ಇವೇ ನಮ್ಮ ಕಣ್ಣ ಮುಂದೆ ಬರುತ್ತವೆ. ಗಿಲ್ ಅವನ್ನೂ ಬಿಟ್ಟವನಲ್ಲ. ಆದರೆ ಬೆಂಡಿಗೊ ಊರಿನ ಹುಟ್ಟಿನಲ್ಲಿಯೇ ಹೆಂಗಸರ ಕೈಯುಂಟು. ಅಲ್ಲಿದ್ದ ರೇವನ್ಸ್‌ವುಡ್ ಎಂಬ ಕುರಿಸಾಕಣೆಯ ನೆಲದಲ್ಲಿ, ಮೇಲ್ವಿಚಾರಕನ ಪತ್ನಿ ಮಾರ್ಗರೆಟ್ ಕೆನಡಿ ಮತ್ತು ಪೀಪಾಯಿ ಮಾಡುವವನ ಪತ್ನಿ ಶ್ರೀಮತಿ ಫಾರೆಲ್, 1851ರಲ್ಲಿ ಹಳ್ಳದ ಮಣ್ಣು ತೊಳೆದು ಚಿನ್ನ ಕಂಡರೆಂಬುದು ಆ ಊರಿನವರು ಬಹುವಾಗಿ ನಂಬುವ ಮಾತು. ಮೊದಲು ಕಂಡವರು ತಾವೆಂದು ಹೇಳಿಕೊಂಡವರು ಹನ್ನೆರಡಕ್ಕೂ ಹೆಚ್ಚು ಮಂದಿ. 1890ರಲ್ಲಿ ವಿಕ್ಟೋರಿಯಾದ ಶಾಸನಸಭೆ ನೇಮಿಸಿದ ಸಮಿತಿ ಎಲ್ಲರನ್ನೂ ವಿಚಾರಿಸಿ, ತೀರ್ಮಾನಿಸುವುದು ಕಷ್ಟವೆಂದು ಕೈಚೆಲ್ಲಿತು. ಈ ಜಗಳದಲ್ಲಿ ಯಾರೂ ಕೇಳದ ಮಾತೊಂದಿದೆ: ಆ ಹಳ್ಳ, ಆ ಬಯಲು, ಇವರೆಲ್ಲರೂ ಬರುವ ಮುನ್ನ ಜಾ ಜಾ ವುರುಂಗ್ ಎಂಬ ಮೂಲನಿವಾಸಿಗಳದಾಗಿತ್ತು.

ನಮ್ಮ ನಾಡಿನಲ್ಲಿಯೂ ಇದೇ ಕಥೆ. 1802ರಲ್ಲಿ ಮೈಸೂರು ಸೀಮೆಯ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಕೋಲಾರದ ಮಾರಿಕುಪ್ಪದಲ್ಲಿ ಹಳ್ಳಿಗರು ಚಿನ್ನ ತೆಗೆಯುವುದನ್ನು ಕಂಡನು. ಗಂಡಸರು ಗುಂಡಿಯಿಂದ ಬುಟ್ಟಿಯಲ್ಲಿ ಕಲ್ಲನ್ನು ಕೈಯಿಂದ ಕೈಗೆ ಸಾಗಿಸುವರು, ಹೆಂಗಸರು ಅದನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡುವರು, ಬಳಿಕ ತೊಳೆಯುವರು. ವಾರನ್ನನ ಆ ವರದಿಯನ್ನು ಓದಿಯೇ, ನ್ಯೂಜಿಲೆಂಡಿನಲ್ಲಿ ಸೈನಿಕನಾಗಿದ್ದು ಅಲ್ಲಿಯ ಚಿನ್ನದ ಹುಡುಕಾಟವನ್ನು ಕಂಡಿದ್ದ ಐರಿಷ್ ಮನುಷ್ಯ ಲಾವೆಲ್ 1871ರಲ್ಲಿ ಬೆಂಗಳೂರಿನಿಂದ ಕೋಲಾರಕ್ಕೆ ಹೊರಟನು. ಆಮೇಲಿನ ಗಣಿಯ ವೈಭವವನ್ನೂ 2001ರ ಫೆಬ್ರವರಿ 28ರಂದು ಅದು ಮುಚ್ಚಿದ ಸಂಕಟವನ್ನೂ ನಮ್ಮಲ್ಲಿ ಬಲ್ಲವರು ಅನೇಕರಿದ್ದಾರೆ. ಲಾವೆಲ್ಲನ ಹೆಸರಿನಲ್ಲಿ ಬೆಂಗಳೂರಿನಲ್ಲಿ ರಸ್ತೆಯುಂಟು. ಕಲ್ಲು ಕುಟ್ಟಿದ ಮಾರಿಕುಪ್ಪದ ಹೆಂಗಸರ ಹೆಸರಿನಲ್ಲಿ ಓಣಿಯೂ ಇಲ್ಲ.

ನಮ್ಮ ಚಿತ್ರದ ಆ ತಾಯಿ ಭಾನುವಾರ ಎಲ್ಲಿಗೆ ಹೋಗುತ್ತಿದ್ದಳು? ಆಕೆಯ ಮತ ಯಾವುದೆಂದು ಚಿತ್ರ ಹೇಳದು. ಕಥೋಲಿಕಳಾಗಿದ್ದರೆ, ಗುಡಾರದಲ್ಲಿ ಪೂಜೆ ಅರ್ಪಿಸುತ್ತಿದ್ದ ಡಾಕ್ಟರ್ ಹೆನ್ರಿ ಬಾಕ್‌ಹೌಸ್ ಸ್ವಾಮಿಗಳ ಬಳಿಗೆ. ಈ ಗುರುಗಳ ಹೆಸರನ್ನು ನಾವು ಅಭಿಮಾನದಿಂದಲೇ ಎತ್ತುತ್ತೇವೆ. ಏಕೆಂದರೆ ಅವರು ಮೊದಲು ನಮ್ಮ ದೇಶಕ್ಕೆ ಬಂದವರು. ಜರ್ಮನಿಯ ಪಾಡರ್‌ಬೋರ್ನ್‌ನಲ್ಲಿ 1811ರಲ್ಲಿ ಹುಟ್ಟಿ, ರೋಮಿನ ಪ್ರೊಪಗಾಂಡ ಗುರುಮಠದಲ್ಲಿ ಕಲಿತು, ಕಲ್ಕತ್ತೆಯಲ್ಲಿ ವರ್ಷಗಳ ಕಾಲ ಸೇವೆ ಸಲ್ಲಿಸಿ, ಆರೋಗ್ಯ ಕೆಟ್ಟು 1846ರಲ್ಲಿ ಸಿಡ್ನಿಗೆ ಹೋದರು. 1852ರಲ್ಲಿ ಬೆಂಡಿಗೊ ಸೇರಿದರು. ಸುತ್ತಲಿನವರು ಚಿನ್ನಕ್ಕಾಗಿ ನೆಲವನ್ನು ತೋಡುತ್ತಿರಲು, ಸ್ವಾಮಿಗಳು ನೆಲವನ್ನೇ ಕೊಂಡಿಟ್ಟರು. ಗುರುವಿಗೆ ಇಂತಹ ವ್ಯವಹಾರ ತರವೇ ಎಂದು ಗುರುಮಠದಲ್ಲಿದ್ದಾಗ ನಾವಾಗಿದ್ದರೆ ವಾದಿಸುತ್ತಿದ್ದೆವೇನೋ. ದೇವಾಲಯದ ಮಾಡಿಗೆ ಹೆಂಚು ಹೊಂದಿಸಲು ಮನೆಮನೆ ತಿರುಗಿದ ಮೇಲೆ ವಾದಿಸುವ ಧೈರ್ಯ ನಮಗುಳಿದಿಲ್ಲ. 1882ರಲ್ಲಿ ಅವರು ತೀರಿಕೊಂಡಾಗ ಆ ಆಸ್ತಿ ಧರ್ಮಸಭೆಗೆ ಸಂದಿತು. ಅದರ ಆಧಾರದಿಂದ ಮೇಲೆದ್ದ ಪವಿತ್ರ ಹೃದಯದ ಪ್ರಧಾನಾಲಯ ಪೂರ್ತಿಯಾದದ್ದು 1977ರಲ್ಲಿ.

ಚಿತ್ರಕಾರನ ಗತಿ ಬೇರೆಯಾಯಿತು. ಮೆಲ್ಬರ್ನ್‌ಗೆ ಬಂದ ಚಿನ್ನದವರಲ್ಲಿ ವಿವೇಕಿಗಳದೊಂದು, ದುಂದುಗಾರರದೊಂದು, ಹೀಗೆ ಜೋಡಿಚಿತ್ರಗಳನ್ನು ಬರೆದಿದ್ದ ಗಿಲ್, ತಾನು ಎರಡನೆಯ ಗುಂಪಿಗೇ ಸೇರಿದನು. ಕುಡಿತ ಅವನನ್ನು ತಿಂದಿತು. 1880ರ ಅಕ್ಟೋಬರ್ 27ರಂದು ಮೆಲ್ಬರ್ನ್ ಅಂಚೆ ಕಚೇರಿಯ ಮೆಟ್ಟಿಲುಗಳ ಮೇಲೆ ಕುಸಿದು ಪ್ರಾಣ ಬಿಟ್ಟನು. ನಿರ್ಗತಿಕರ ಗುಂಡಿಯಲ್ಲಿ ಹೂಳಿದರು. 1913ರಲ್ಲಿ ಅಲ್ಲಿಯ ಇತಿಹಾಸ ಸಂಘದವರು ಅವಶೇಷಗಳನ್ನು ಬೇರೆಡೆಗೆ ಸಾಗಿಸಿ, ಹೆಸರು ಕೆತ್ತಿದ ಕಲ್ಲನ್ನು ನಿಲ್ಲಿಸಿದರು. ಆ ತಾಯಿಯನ್ನು ಕಣ್ಣಿಟ್ಟು ನೋಡಿದವನು ಅವನೇ ಎಂಬುದನ್ನು ನಾವು ಮರೆಯಲಾರೆವು.

ಈ ಸಂಚಿಕೆಗಾಗಿ ನಮ್ಮ ಧರ್ಮಕೇಂದ್ರದ ಮೊದಲ ಜ್ಞಾನಸ್ನಾನ ಪುಸ್ತಕವನ್ನು ಪುಟಪುಟವಾಗಿ ಓದಿದೆವು. ಮಗುವಿನ ಹೆಸರು, ತಂದೆಯ ಹೆಸರು, ತಂದೆಯ ಕಸುಬು, ತಾಯಿಯ ಹೆಸರು, ಜ್ಞಾನ ತಂದೆತಾಯಿಯರ ಹೆಸರು, ಕೊನೆಗೆ ಗುರುಗಳ ಸಹಿ. ಕಲ್ಲುಕುಟಿಗ, ಬಡಗಿ, ರೈತ, ಅಡುಗೆಯವ ಎಂದು ತಂದೆಯ ಅಂಕಣ ಚೊಕ್ಕ ಅಕ್ಷರಗಳಲ್ಲಿ ತುಂಬಿದೆ. ತಾಯಿಯ ಕಸುಬಿಗೆ ಪುಸ್ತಕದಲ್ಲಿ ಅಂಕಣವನ್ನೇ ಎಳೆದಿಲ್ಲ. ಈಗ ನಾವು ಬರೆಯುತ್ತಿರುವ ಪುಸ್ತಕದಲ್ಲಿಯೂ ಇಲ್ಲ.